ಹೃದಯಕ್ಕೆ ಕದ ಮಾಡಿದವರು

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಯ ಹೊಸ್ತಿಲಲ್ಲಿ ನಿಂತ ಮಕ್ಕಳಿಗೆ, ರೋಗಿಗಳ ಸೇವೆಗೆ ವೈದ್ಯನಾಗುವುದೊಂದೇ ಮಾರ್ಗವೆಂದೂ ಗಣಿತದಲ್ಲಿ ಆಸಕ್ತಿಯುಳ್ಳವನಿಗೆ ಆಸ್ಪತ್ರೆಯಲ್ಲಿ ಕೆಲಸವಿಲ್ಲವೆಂದೂ ನಾವು ಹಿರಿಯರು ಹೇಳುತ್ತ ಬಂದಿದ್ದೇವೆ. ಆ ಮಾತನ್ನು ಸುಳ್ಳಾಗಿಸುವ ಬಯೋಮೆಡಿಕಲ್ ಇಂಜಿನಿಯರಿಂಗ್ ಎಂಬ ವಿದ್ಯೆ ಕೃತಕ ಕಾಲಿನಿಂದ ಎಂ.ಆರ್.ಐ. ಯಂತ್ರದವರೆಗೆ ಹಬ್ಬಿದೆಯಾದರೂ, ನಾನಿಲ್ಲಿ ಹೇಳಹೊರಟಿರುವುದು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡ ಪುಟ್ಟ ಕವಾಟವೊಂದನ್ನು ಕುರಿತು.

ಬಾಲ್ಯದ ಗಂಟಲುಬೇನೆಯ ಬೆನ್ನಿಗೇ ಬರುವ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರು ನಮ್ಮ ದೇಶದಲ್ಲಿ ಬಹುಮಂದಿ ಬಡವರು. ಪರದೇಶದ ಕೃತಕ ಕವಾಟದ ಬೆಲೆಯೋ ಅವರ ಕೈಗೆಟುಕದ್ದು. ಇದನ್ನು ಕಂಡ ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್ ಅವರು, ರಾಜಮನೆತನದವರು ಬಿಟ್ಟುಕೊಟ್ಟ ಪೂಜಪ್ಪುರದ ಅರಮನೆಯಲ್ಲಿ ಇಂಜಿನಿಯರುಗಳನ್ನು ಕೂಡಿಕೊಂಡು ಕಾರ್ಯಾರಂಭ ಮಾಡಿದರು. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತದೆ. ಅಷ್ಟು ಸಲವೂ ತೆರೆದು ಮುಚ್ಚಬೇಕಾದ ವಸ್ತು ಸವೆಯಬಾರದು, ಮುರಿಯಬಾರದು, ರಕ್ತವನ್ನು ಹೆಪ್ಪುಗಟ್ಟಿಸಬಾರದು. ಮೊದಲ ಮಾದರಿಯಲ್ಲಿ ಬೆಸೆದ ಕಂಬಿ ಮುರಿಯಿತು. ಎರಡನೆಯದರಲ್ಲಿ ನೀಲಮಣಿಯ ಬಿಲ್ಲೆ ತನ್ನನ್ನು ಹಿಡಿದಿದ್ದ ಟೈಟೇನಿಯಮ್ಮನ್ನೇ ಸವೆಸಿತು. ಲೋಹವನ್ನು ಬದಲಿಸಿದ ಮೂರನೆಯದರಲ್ಲಿ, ಕುರಿಯ ಎದೆಯೊಳಗೆ, ಆ ಬಿಲ್ಲೆಯೇ ಒಡೆಯಿತು. ರತ್ನವೇ ಸೋತಲ್ಲಿ ಗೆದ್ದದ್ದು ಪ್ಲಾಸ್ಟಿಕ್ಕು: ಕೃತಕ ಸೊಂಟದ ಕೀಲಿನಲ್ಲಿ ಬಳಸುವ ಗಟ್ಟಿ ಪಾಲಿಎಥಿಲೀನಿನ ಬಿಲ್ಲೆ, ಅದರ ಸುತ್ತ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಅದನ್ನು ಹೃದಯಕ್ಕೆ ಹೊಲಿಯಲು ಪಾಲಿಯೆಸ್ಟರ್ ಬಟ್ಟೆಯ ಅಂಚು. 1990ರ ಡಿಸೆಂಬರಿನಲ್ಲಿ ಅದು ಮೊದಲ ಬಾರಿಗೆ ಮನುಷ್ಯನ ಎದೆಯನ್ನು ಸೇರಿತು. ಅಲ್ಲಿಂದೀಚೆಗೆ ಲಕ್ಷಕ್ಕೂ ಮಿಕ್ಕಿದ ರೋಗಿಗಳಿಗೆ ಒದಗಿದೆ. ರೋಗಿ ಆಜೀವ ರಕ್ತ ತೆಳುವಾಗಿಸುವ ಗುಳಿಗೆ ನುಂಗಬೇಕೆಂಬುದೂ ನಿಜ. ಆ ಕೊರತೆಯನ್ನು ನೀಗುವ ಕೆಲಸ ಮುಂದಿನವರಿಗೆ ಉಳಿದೇ ಇದೆ.

ಈ ಕವಾಟದಲ್ಲಿ ವೈದ್ಯನ ಪಾಲೆಷ್ಟು, ಲೋಹ ಬಲ್ಲವನದೆಷ್ಟು, ಜವಳಿ ಬಲ್ಲವನದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಈ ದಾರಿ ಹಿಡಿಯಬಯಸುವವರು ಪಿಯುಸಿಯಲ್ಲಿ ಗಣಿತವನ್ನು ಬಿಡಬಾರದು. ಮಣಿಪಾಲದ ತಾಂತ್ರಿಕ ಕಾಲೇಜಿನಲ್ಲಿ ಬಯೋಮೆಡಿಕಲ್ ಇಂಜಿನಿಯರಿಂಗ್ ಪದವಿಯುಂಟು. ವೆಂಟಿಲೇಟರು, ಡಯಾಲಿಸಿಸ್ ಯಂತ್ರಗಳ ದೇಖರೇಖಿಯೂ ಈ ಇಂಜಿನಿಯರುಗಳದೇ ಕೆಲಸ. ಅದಕ್ಕೆ ಬೇಕಾದಷ್ಟು ಗೌರವ ಇನ್ನೂ ಸಂದಿಲ್ಲವೆಂಬುದು ನನ್ನ ದೂರು.

ವಲಿಯತ್ತಾನ್ ಅವರು 1993ರಲ್ಲಿ ಕುಲಪತಿಯಾಗಿ ಮಣಿಪಾಲಕ್ಕೇ ಬಂದರು. ಚರಕ ಸುಶ್ರುತರ ಅಧ್ಯಯನದಲ್ಲಿ ವಾರ್ಧಕ್ಯವನ್ನು ಕಳೆದು 2024ರಲ್ಲಿ ಅಲ್ಲಿಯೇ ತೀರಿಕೊಂಡರು. ಮೂರು ಸಲ ಸೋತ ಕಥೆಯನ್ನು ಅವರ ಬಾಯಿಂದಲೇ ಕೇಳುವ ಭಾಗ್ಯ ಈಗ ಹತ್ತನೆಯ ತರಗತಿಯಲ್ಲಿ ಕುಳಿತಿರುವ ಮಕ್ಕಳಿಗಿಲ್ಲ.