ಡೀಸೆಲ್ ಇಂಜಿನ್ನಿನ ಎಣ್ಣೆ ತಡೆಯುವ ಸೊಲೆನಾಯ್ಡಿನಲ್ಲಿ ವಿದ್ಯುತ್ ದೋಷವನ್ನು ಕಂಡುಹಿಡಿಯುವ ಕ್ರಮ

ಮುಂಗಾರು ಮಳೆ ಬಿದ್ದು ಭೂಮಿಯು ಹದಕ್ಕೆ ಬಂದಿರುವ ದಿವಸಗಳಲ್ಲಿ ಟ್ರ್ಯಾಕ್ಟರು ಹೊಲದ ನಡುವೆ ನಿಂತುಹೋದರೆ, ಅದರಿಂದ ಒಕ್ಕಲಿಗನಿಗೆ ಉಂಟಾಗುವ ನಷ್ಟವು ರಿಪೇರಿಯ ಖರ್ಚಿಗಿಂತ ಎಷ್ಟೋ ಹೆಚ್ಚಾದುದು. ಕೆಮ್ಮಣ್ಣಿನ ಭೂಮಿಯಲ್ಲಿ ಬಿತ್ತನೆಯ ಹದವು ಬಹಳ ದಿನ ನಿಲ್ಲತಕ್ಕದ್ದಲ್ಲ. ಇಂತಹ ಸಮಯದಲ್ಲಿ ಇಂಜಿನ್ನು ಹತ್ತದೆ ಹೋದರೆ ಎಣ್ಣೆಯ ಪಂಪು ಕೆಟ್ಟಿರುವುದೆಂದು ಯಾರಾದರೂ ಹೇಳುವರು; ಕೂಡಲೆ ಪಂಪನ್ನು ಬಿಚ್ಚಿ ಪಟ್ಟಣಕ್ಕೆ ಕಳುಹಿಸುವರು; ಅಲ್ಲಿ ಕಾದು, ಹಣ ತೆತ್ತು, ಹಿಂದಕ್ಕೆ ತಂದು ಕೂಡಿಸಿದ ಮೇಲೆಯೂ ಇಂಜಿನ್ನು ಮೊದಲಿನಂತೆಯೇ ಸುಮ್ಮನಿರುವುದುಂಟು. ದೋಷವು ಪಂಪಿನಲ್ಲಿರದೆ, ಅದರ ನೆತ್ತಿಯ ಮೇಲಿರುವ ಹೆಬ್ಬೆರಳು ಗಾತ್ರದ ಒಂದು ಉಪಕರಣದಲ್ಲಿಯೋ ಅದಕ್ಕೆ ಬರುವ ತಂತಿಯಲ್ಲಿಯೋ ಇದ್ದುದೇ ಇದಕ್ಕೆ ಕಾರಣ. ಈ ಉಪಕರಣಕ್ಕೆ ಸೊಲೆನಾಯ್ಡ್ ಎಂದು ಹೆಸರು.

ಡೀಸೆಲ್ ಇಂಜಿನ್ನಿಗೂ ವಿದ್ಯುತ್ತಿಗೂ ಸಂಬಂಧವಿಲ್ಲವೆಂಬ ನಂಬಿಕೆಯು ಅನೇಕರಲ್ಲಿರುವುದು. ಇದಕ್ಕೆ ಆಧಾರವಿಲ್ಲದೆ ಇಲ್ಲ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರು 1897ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ನಡೆಯಿಸಿ ತೋರಿಸಿದ ಇಂಜಿನ್ನಿನಲ್ಲಿ ಕಿಡಿಗೆ ಅವಕಾಶವೇ ಇರಲಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಅತ್ಯಂತ ಬಿಸಿಯಾಗುವುದು. ಆ ಬಿಸಿಗಾಳಿಯಲ್ಲಿ ಸಿಂಪಡಿಸಲ್ಪಟ್ಟ ಎಣ್ಣೆಯು ತಾನಾಗಿಯೇ ಹೊತ್ತಿಕೊಳ್ಳುವುದು. ಕೈಯಿಂದ ಹ್ಯಾಂಡಲು ತಿರುಗಿಸಿ ನಡೆಯಿಸುವ, ಬಾವಿಯ ಮೇಲಣ ಸಣ್ಣ ಇಂಜಿನ್ನುಗಳಿಗೆ ಬ್ಯಾಟರಿಯೇ ಇಲ್ಲದಿರುವುದನ್ನು ಎಲ್ಲರೂ ಕಂಡಿರುವರು. ಆದರೆ ಕಿಡಿಯಿಲ್ಲದ ಇಂಜಿನ್ನನ್ನು ನಿಲ್ಲಿಸಬೇಕಾದರೆ ಎಣ್ಣೆಯನ್ನು ಕಟ್ಟುವುದೊಂದೇ ಸಾಮಾನ್ಯ ಮಾರ್ಗ. ಹಳೆಯ ಟ್ರ್ಯಾಕ್ಟರುಗಳಲ್ಲಿ ಒಂದು ಗುಬುಟನ್ನು ಕೈಯಿಂದ ಎಳೆದು ಇದನ್ನು ಮಾಡುತ್ತಿದ್ದರು. ಬೀಗದ ಕೈಯನ್ನು ತಿರುಗಿಸಿದೊಡನೆ ನಿಲ್ಲುವ ಯಂತ್ರಗಳಲ್ಲಿ ಈ ಕೆಲಸವು ಸೊಲೆನಾಯ್ಡಿಗೆ ಒಪ್ಪಿಸಲ್ಪಟ್ಟಿರುವುದು. ಹೀಗೆ, ನಿಲ್ಲಿಸುವುದಕ್ಕಾಗಿ ಇಟ್ಟ ಕಾವಲುಗಾರನು ಕೆಟ್ಟಾಗ ನಡೆಯುವುದಕ್ಕೂ ಅಡ್ಡಿಯಾಗುವನು.

ಇದರ ರಚನೆಯು ಬಹು ಸರಳವಾದುದು. ಸಣ್ಣ ತಾಮ್ರದ ತಂತಿಯ ಸುರುಳಿಯೊಂದು. ಅದರ ಮಧ್ಯದಲ್ಲಿ ಜಾರುವ ಕಬ್ಬಿಣದ ಕಡ್ಡಿಯೊಂದು. ಕಡ್ಡಿಯನ್ನು ಕೆಳಕ್ಕೆ ಒತ್ತಿ ಎಣ್ಣೆಯ ದಾರಿಯನ್ನು ಮುಚ್ಚುವ ಸ್ಪ್ರಿಂಗೊಂದು. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಕಡ್ಡಿಯನ್ನು ಮೇಲಕ್ಕೆಳೆಯುವುದು, ಎಣ್ಣೆಗೆ ದಾರಿ ಬಿಡುವುದು. ವಿದ್ಯುತ್ತು ನಿಂತೊಡನೆ ದಾರಿ ಮುಚ್ಚುವುದು. ದುಂಡು ಪಂಪುಗಳ ಮೇಲೆ ಕೂಡಿಸಿರುವ 12 ವೋಲ್ಟಿನ ಸೊಲೆನಾಯ್ಡಿನ ಸುರುಳಿಯು ಸುಮಾರು 10 ಓಮಿನ ತಡೆಯುಳ್ಳದ್ದಾಗಿ, ಒಂದು ಆಂಪಿಯರಿಗೆ ತುಸು ಹೆಚ್ಚಾದ ವಿದ್ಯುತ್ತನ್ನು ಮಾತ್ರ ತೆಗೆದುಕೊಳ್ಳುವುದು. ಸಾಲು ಪಂಪುಗಳಿಗೆ ಹೊರಗಿನಿಂದ ಸಲಾಕಿಯ ಮೂಲಕ ಜೋಡಿಸುವ ದೊಡ್ಡ ಜಾತಿಯೊಂದುಂಟು. ಅದರಲ್ಲಿ ಎಳೆಯುವ ಸುರುಳಿ, ಹಿಡಿದಿಡುವ ಸುರುಳಿ ಎಂದು ಎರಡಿದ್ದು, ಎಳೆಯುವ ಸುರುಳಿಯು ಕ್ಷಣಕಾಲ ಮಾತ್ರ ಬಹಳ ವಿದ್ಯುತ್ತನ್ನು ಕುಡಿಯುವುದು. ಸಲಾಕಿಯ ಅಳತೆ ತಪ್ಪಿ ಕಡ್ಡಿಯು ಪೂರ್ಣವಾಗಿ ಒಳಕ್ಕೆ ಸೇರದಿದ್ದರೆ, ಕೆಲವು ರಚನೆಗಳಲ್ಲಿ ಈ ಸುರುಳಿಯು ಕಡಿತವಾಗದೆ ಉರಿದುಹೋಗುವುದು. ಅಂಥಲ್ಲಿ ಸಲಾಕಿಯನ್ನು ಸರಿಪಡಿಸದೆ ಹೊಸ ಸೊಲೆನಾಯ್ಡನ್ನು ಹಾಕಿದರೆ ಅದೂ ಉರಿಯುವುದು. ವಿದ್ಯುತ್ತು ಕೊಟ್ಟಾಗ ಎಣ್ಣೆಯನ್ನು ಕಟ್ಟುವ ವಿರುದ್ಧ ಜಾತಿಯೂ ಇರುವುದು. ಅದು ಕೆಟ್ಟರೆ ಇಂಜಿನ್ನು ಹತ್ತುವುದೇನೋ ಹತ್ತುವುದು, ನಿಲ್ಲುವುದಿಲ್ಲ. ಯಾವ ಜಾತಿಯೆಂಬುದನ್ನು ಯಂತ್ರದೊಡನೆ ಬರುವ ಪುಸ್ತಕವನ್ನು ನೋಡಿ ಮೊದಲು ನಿಶ್ಚಯಿಸಿಕೊಳ್ಳತಕ್ಕದ್ದು.

ಪರೀಕ್ಷೆಗೆ ಕೈ ಹಾಕುವುದಕ್ಕೆ ಮುಂಚೆ ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಬ್ರೇಕನ್ನು ಕಟ್ಟಿ, ಹಿಂದಿನ ಪಿ.ಟಿ.ಒ. ದಂಡವನ್ನು ಬಿಡಿಸಿಡಬೇಕು. ತಂತಿ ಕೂಡಿದ ಕ್ಷಣದಲ್ಲಿ ಇಂಜಿನ್ನು ಎದ್ದುಬಿಡಬಹುದಾದ್ದರಿಂದ ಮಕ್ಕಳನ್ನು ದೂರವಿರಿಸಬೇಕು.

ಮೊದಲು ಹೊಗೆಯ ಕೊಳವೆಯನ್ನು ನೋಡಬೇಕು. ಸ್ಟಾರ್ಟರು ಇಂಜಿನ್ನನ್ನು ಚುರುಕಾಗಿ ತಿರುಗಿಸುತ್ತಿದ್ದರೂ ಕೊಳವೆಯಿಂದ ಹೊಗೆಯ ಸುಳಿವೇ ಇಲ್ಲದಿದ್ದರೆ ಸಿಲಿಂಡರಿಗೆ ಎಣ್ಣೆಯು ತಲಪುತ್ತಿಲ್ಲವೆಂದು ತಿಳಿಯಬಹುದು. ಬಿಳಿಯ ಹೊಗೆ ಬರುತ್ತಿದ್ದರೆ ಎಣ್ಣೆಯು ಹೋಗುತ್ತಿರುವುದು, ಹೊತ್ತಿಕೊಳ್ಳುತ್ತಿಲ್ಲ. ಆ ದೋಷವನ್ನು ಬೇರೆಡೆ ಹುಡುಕಬೇಕು. ಇಂಜಿನ್ನು ಹೇಗೆ ನಿಂತಿತೆಂಬುದನ್ನು ನಡೆಯಿಸುತ್ತಿದ್ದವನನ್ನು ಕೇಳುವುದು ಸಹ ಬಹಳ ಉಪಯುಕ್ತವಾದುದು. ಕೆಮ್ಮುತ್ತ, ತಡೆದು ತಡೆದು, ಬಲಗುಂದಿ ನಿಂತಿದ್ದರೆ ಸಾಮಾನ್ಯವಾಗಿ ಎಣ್ಣೆಯ ಕೊರತೆ, ಕಸ ತುಂಬಿದ ಫಿಲ್ಟರು ಅಥವಾ ಕೊಳವೆಯಲ್ಲಿ ಸೇರಿದ ಗಾಳಿ ಕಾರಣವಾಗಿರುವುದು. ಬೀಗದ ಕೈಯನ್ನು ತಿರುಗಿಸಿದಂತೆ ಒಮ್ಮೆಗೇ ನಿಂತಿದ್ದರೆ ವಿದ್ಯುತ್ತನ್ನು ಸಂದೇಹಿಸಬೇಕು. ತೊಟ್ಟಿಯಲ್ಲಿ ಎಣ್ಣೆಯಿದ್ದು, ಕೈಪಂಪನ್ನು ಒತ್ತಿದಾಗ ಗಾಳಿ ಬಿಡುವ ಸ್ಕ್ರೂವಿನ ಬಳಿ ಗುಳ್ಳೆಯಿಲ್ಲದೆ ಎಣ್ಣೆ ಬರುತ್ತಿದ್ದರೆ ಪಂಪಿನವರೆಗಿನ ದಾರಿಯು ಸರಿಯಾಗಿರುವುದೆಂದು ಭಾವಿಸಿ ಮುಂದುವರಿಯಬಹುದು. ಇಷ್ಟನ್ನು ನೋಡದೆ ಸ್ಟಾರ್ಟರನ್ನೇ ಒತ್ತುತ್ತ ಬ್ಯಾಟರಿಯನ್ನು ಬರಿದುಮಾಡುವುದು ನಮ್ಮ ಕಡೆಯ ಚಾಲಕರ ಕೆಟ್ಟ ಅಭ್ಯಾಸ. ಒಮ್ಮೆಗೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚಾಗಿ ಒತ್ತಬಾರದು.

ಅನಂತರ ಬ್ಯಾಟರಿ. ಚೆನ್ನಾಗಿ ತುಂಬಿ ವಿಶ್ರಾಂತಿಯಲ್ಲಿರುವ ಬ್ಯಾಟರಿಯು ಮೀಟರಿನಲ್ಲಿ ಸುಮಾರು 12.6 ವೋಲ್ಟನ್ನು ತೋರಿಸುವುದು. ಸ್ಟಾರ್ಟರು ತಿರುಗುತ್ತಿರುವಾಗ ಸುಮಾರು 9.6ಕ್ಕಿಂತ ಕೆಳಗಿಳಿಯಬಾರದು. ಬ್ಯಾಟರಿ ಸರಿಯಾಗಿದ್ದರೆ, ಇಂಜಿನ್ನು ನಿಶ್ಶಬ್ದವಾಗಿರುವಾಗ ಒಬ್ಬನು ಬೀಗದ ಕೈಯನ್ನು ತಿರುಗಿಸಿ ಹಿಂದಕ್ಕೆ ತರಬೇಕು, ಇನ್ನೊಬ್ಬನು ಸೊಲೆನಾಯ್ಡಿನ ಮೇಲೆ ಬೆರಳಿಟ್ಟಿರಬೇಕು. ಟಕ್ ಎಂಬ ಸದ್ದೂ ಬೆರಳಿಗೆ ಸಣ್ಣ ಪೆಟ್ಟೂ ತಿಳಿದುಬಂದರೆ ಸುರುಳಿಯೂ ತಂತಿಯೂ ಜೀವಂತವಾಗಿರುವುವು. ಏನೂ ತಿಳಿಯದಿದ್ದರೆ ಸುರುಳಿ ಕಡಿದಿರಬೇಕು, ಇಲ್ಲವೆ ವಿದ್ಯುತ್ತು ಬರುತ್ತಿಲ್ಲ, ಇಲ್ಲವೆ ಕಡ್ಡಿಯು ಅಂಟಿಕೊಂಡಿರಬೇಕು.

ಇಲ್ಲಿ ಮೀಟರುಳ್ಳ ಮೇಸ್ತ್ರಿಗಳು ಸಹ ಮೋಸಹೋಗುವ ಒಂದು ಸ್ಥಳವಿರುವುದರಿಂದ ಅದನ್ನು ವಿಸ್ತಾರವಾಗಿ ಹೇಳಬೇಕಾಗಿದೆ. ಅವರು ಸೊಲೆನಾಯ್ಡಿನಿಂದ ತಂತಿಯನ್ನು ಕಿತ್ತು ಅದರ ತುದಿಗೆ ಮೀಟರನ್ನು ಮುಟ್ಟಿಸುವರು. 12 ವೋಲ್ಟು ಕಾಣುವುದು. ವಿದ್ಯುತ್ತು ಸರಿಯಾಗಿ ಬರುತ್ತಿದೆ, ಆದಕಾರಣ ಸೊಲೆನಾಯ್ಡೇ ಕೆಟ್ಟಿದೆ ಎಂದು ತೀರ್ಮಾನಿಸುವರು. ಈ ತೀರ್ಮಾನವು ತಪ್ಪಾಗಬಹುದು. ದಾರಿಯಲ್ಲಿ ಎಲ್ಲಿಯೋ ಒಂದು ಕೂಡುಗೆಯು ಹಸಿರು ಕಿಲುಬು ಹಿಡಿದು 5 ಓಮಿನ ತಡೆಯನ್ನು ಒಡ್ಡುತ್ತಿದೆಯೆಂದು ಭಾವಿಸಲಿ. ಮೀಟರು ಗಣನೆಗೆ ಬಾರದಷ್ಟು ಅಲ್ಪ ವಿದ್ಯುತ್ತನ್ನು ಎಳೆಯುವುದರಿಂದ ಆ ತಡೆಯಲ್ಲಿ ಏನೂ ನಷ್ಟವಾಗದೆ 12 ವೋಲ್ಟೂ ಕಾಣುವುದು. ತಂತಿಯನ್ನು ಮತ್ತೆ 10 ಓಮಿನ ಸುರುಳಿಗೆ ಜೋಡಿಸಿದೊಡನೆ ಒಟ್ಟು ತಡೆಯು 15 ಓಮಾಗಿ, 12 ವೋಲ್ಟಿನಲ್ಲಿ ಮೂರನೆಯ ಒಂದು ಪಾಲು ಕಿಲುಬಿನಲ್ಲಿಯೇ ಕಳೆದು ಸುರುಳಿಗೆ 8 ವೋಲ್ಟು ಮಾತ್ರ ದೊರೆಯುವುದು. ಸ್ಟಾರ್ಟರು ತಿರುಗುವಾಗ ಬ್ಯಾಟರಿಯೇ 10 ವೋಲ್ಟಿಗೆ ಇಳಿದರೆ ಸುರುಳಿಯ ಪಾಲಿಗೆ 7 ವೋಲ್ಟೂ ಉಳಿಯುವುದಿಲ್ಲ. ಕಡ್ಡಿಯು ಮೇಲೇಳದೆ ಹೋಗಬಹುದು. ಬೀಗದ ಕೈಯಿಂದ ಹತ್ತದ ಟ್ರ್ಯಾಕ್ಟರು ಇಳಿಜಾರಿನಲ್ಲಿ ನೂಕಿದರೆ ಹತ್ತುವುದೆಂದು ಚಾಲಕರು ಹೇಳುವುದರ ಗುಟ್ಟು ಕೆಲವು ವೇಳೆ ಇದೇ ಆಗಿರುವುದು: ನೂಕುವಾಗ ಸ್ಟಾರ್ಟರು ಬ್ಯಾಟರಿಯನ್ನು ಹೀರುವುದಿಲ್ಲ.

ಆದ್ದರಿಂದ ತಂತಿಯನ್ನು ಕೀಳದೆ, ಅದು ಜೋಡಿಸಿಕೊಂಡಿರುವಾಗಲೇ, ಬೀಗದ ಕೈ ತಿರುಗಿಸಿ ಸೊಲೆನಾಯ್ಡಿನ ತಲೆಯಲ್ಲಿ ವೋಲ್ಟನ್ನು ಅಳೆಯಬೇಕು. ಬ್ಯಾಟರಿಯ ಅಂಕಿಗೂ ಇದಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದಾರಿಯಲ್ಲಿ ದೋಷವುಂಟು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ತುದಿಯಲ್ಲಿಯೇ ಇಟ್ಟು, ಇನ್ನೊಂದನ್ನು ಫ್ಯೂಸು, ಬೀಗದ ಸ್ವಿಚ್ಚು, ರಿಲೇ, ಕೂಡುಗೆ ಎಂಬ ಕ್ರಮದಲ್ಲಿ ಮುಟ್ಟಿಸುತ್ತ ಹೋದರೆ, ಯಾವ ಸ್ಥಳವನ್ನು ದಾಟಿದೊಡನೆ ಅಂಕಿಯು ಹಠಾತ್ತಾಗಿ ಏರುವುದೋ ಅಲ್ಲಿಯೇ ಕಳ್ಳನಿರುವನು. ಇಂಜಿನ್ನಿನ ಮೈಯಿಂದ ಬ್ಯಾಟರಿಯ ಋಣ ತುದಿಗೆ ಹಿಂದಿರುಗುವ ಅರ್ತ್ ದಾರಿಯನ್ನೂ ಹೀಗೆಯೇ ನೋಡತಕ್ಕದ್ದು. ಬಣ್ಣ ಬಳಿದ ಕಬ್ಬಿಣದ ಮೇಲೆ ಬಿಗಿದ ಅರ್ತ್ ತಂತಿಯು ಹೊರಗಿನಿಂದ ನೋಡಲು ನಿರ್ದೋಷಿಯಂತೆಯೇ ಕಾಣುವುದು. ಮೀಟರಿಲ್ಲದವರು ಹೆಡ್‌ಲೈಟಿನದಲ್ಲದ ಒಂದು ಸಣ್ಣ 12 ವೋಲ್ಟಿನ ಬಲ್ಬಿಗೆ ಎರಡು ತಂತಿ ಕಟ್ಟಿ ಪರೀಕ್ಷಿಸಬಹುದು. ಬೆಳಕು ಮಂಕಾಗಿದ್ದರೆ ಅದೇ ಸಾಕ್ಷಿ.

ತಂತಿಯು ಸಾಮಾನ್ಯವಾಗಿ ಕೆಡುವ ಸ್ಥಳಗಳು ಕೆಲವೇ. ಬಾನೆಟ್ಟಿನ ಅಂಚಿಗೆ ಉಜ್ಜಿ ಸವೆಯುವ ಕಡೆ, ಹೊಗೆಯ ಕೊಳವೆಯ ಬಿಸಿಗೆ ಸಿಕ್ಕುವ ಕಡೆ, ಪಂಪಿನ ಬಳಿ ನಡುಗುತ್ತಿರುವ ಕೊನೆಯ ಗೇಣು. ಹುಲ್ಲಿನ ಬಣವೆಯ ಪಕ್ಕದಲ್ಲಿ ಟ್ರ್ಯಾಕ್ಟರನ್ನು ನಿಲ್ಲಿಸುವವರು ಇಲಿಯನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಬೇಕು. ಸುಗ್ಗಿಯ ನಂತರ ಎರಡು ತಿಂಗಳು ನಿಂತ ಬಂಡಿಯ ತಂತಿಯನ್ನು ಮೊದಲು ಹಲ್ಲಿನ ಗುರುತಿಗಾಗಿ ನೋಡುವುದು ಲೇಸು.

ಬೆಳಿಗ್ಗೆ ಚೆನ್ನಾಗಿ ಹತ್ತಿ, ಒಂದು ಗಂಟೆ ಉತ್ತ ಮೇಲೆ ತಟ್ಟನೆ ನಿಂತು, ಆರಿದ ಮೇಲೆ ಮತ್ತೆ ಹತ್ತುವ ದೋಷವು ಎಲ್ಲಕ್ಕಿಂತ ಕಾಟ ಕೊಡುವಂಥದು. ಸುರುಳಿಯ ತಂತಿಯು ಒಳಗೆ ಬಿರುಕುಬಿಟ್ಟು, ತಣ್ಣಗಿರುವಾಗ ಮುಟ್ಟಿಕೊಂಡಿದ್ದು, ಬಿಸಿಯಾದಾಗ ಹಿಗ್ಗಿ ಅಗಲುವುದುಂಟು. ಮೇಸ್ತ್ರಿಯು ಬರುವ ವೇಳೆಗೆ ಅದು ಆರಿರುವುದರಿಂದ ಅವನಿಗೆ ಏನೂ ಕಾಣದು. ನಿಂತ ಕ್ಷಣದಲ್ಲಿಯೇ, ಬಿಸಿ ಆರುವ ಮುನ್ನ, ತಂತಿ ಕಳಚಿ ಸುರುಳಿಯ ಓಮನ್ನು ಅಳೆಯಬೇಕು. ತಣ್ಣಗಿರುವಾಗ 10 ಓಮಿದ್ದುದು ಬಿಸಿಯಲ್ಲಿ ಒಂದೆರಡು ಓಮು ಹೆಚ್ಚುವುದು ಸಹಜ. ತಡೆಯು ಅಳತೆಗೇ ಸಿಕ್ಕದಿದ್ದರೆ ಸುರುಳಿ ಕಡಿದಿದೆ.

ಸಂದೇಹ ತೀರದಿದ್ದರೆ, 5 ಆಂಪಿಯರಿನ ಫ್ಯೂಸನ್ನು ನಡುವೆ ಕಟ್ಟಿದ ತಂತಿಯೊಂದನ್ನು ಬ್ಯಾಟರಿಯ ಧನ ತುದಿಯಿಂದ ನೇರವಾಗಿ ದುಂಡು ಪಂಪಿನ ಸೊಲೆನಾಯ್ಡಿಗೆ ಕೊಡಬಹುದು. ಹಾಗೆ ಮಾಡುವಾಗ ಯಂತ್ರದ ತಂತಿಯನ್ನು ಕಳಚಿ ಅದರ ತುದಿಗೆ ಟೇಪು ಸುತ್ತಬೇಕು. ಇಂಜಿನ್ನು ಹತ್ತಿದರೆ ಪಂಪೂ ಸೊಲೆನಾಯ್ಡೂ ನಿರ್ದೋಷಿಗಳು, ದೋಷವು ತಂತಿಯ ದಾರಿಯಲ್ಲಿದೆ. ಟಕ್ ಎಂದರೂ ಹತ್ತದಿದ್ದರೆ ಕಡ್ಡಿಯ ತುದಿ ಅಥವಾ ಪಂಪಿನ ಒಳಭಾಗವನ್ನು ನೋಡಬೇಕು. ಆಗ ಮಾತ್ರ ಪಂಪನ್ನು ಪಟ್ಟಣಕ್ಕೆ ಕಳುಹಿಸುವುದು ನ್ಯಾಯ. ಈ ನೇರ ತಂತಿಯಿಂದ ಹತ್ತಿದ ಇಂಜಿನ್ನು ಬೀಗದ ಕೈಯಿಂದ ನಿಲ್ಲುವುದಿಲ್ಲ, ತಂತಿಯನ್ನು ಸೊಲೆನಾಯ್ಡಿನ ಬಳಿ ಕಳಚಿದರೆ ನಿಲ್ಲುವುದು. ಬ್ಯಾಟರಿಯ ತುದಿಯನ್ನು ಕೀಳಬಾರದು; ನಡೆಯುತ್ತಿರುವಾಗ ಬ್ಯಾಟರಿಯನ್ನು ಬಿಡಿಸಿದರೆ ಆಲ್ಟರ್ನೇಟರು ಹಾಳಾಗುವ ಸಂಭವವುಂಟು. ಕೆಲವರು ಸೊಲೆನಾಯ್ಡಿನೊಳಗಿನ ಕಡ್ಡಿಯನ್ನೇ ತೆಗೆದೆಸೆದು ಕೆಲಸ ಸಾಗಿಸುವರು. ರಾಶಿಯಂತ್ರದ ಬೆಲ್ಟಿಗೆ ಒಬ್ಬನ ಪಂಚೆಯ ಸೆರಗು ಸಿಕ್ಕಿದಾಗ ಇಂಜಿನ್ನನ್ನು ತಕ್ಷಣ ನಿಲ್ಲಿಸುವ ಉಪಾಯವೇ ಅಲ್ಲಿ ಇರುವುದಿಲ್ಲವೆಂಬುದನ್ನು ಅವರು ಯೋಚಿಸಿದಂತೆ ಕಾಣುವುದಿಲ್ಲ.

ಮೇಲೆ ಹೇಳಿದುದೆಲ್ಲವೂ ಯಾಂತ್ರಿಕ ಪಂಪುಳ್ಳ ಇಂಜಿನ್ನುಗಳಿಗೆ ಮಾತ್ರ ಅನ್ವಯಿಸುವುದು. ಭಾರತದಲ್ಲಿ 2023ನೆಯ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮಗಳು ಬಿಗಿಯಾದುದರಿಂದ ಕಾಮನ್ ರೈಲ್ ಎಂಬ ಏರ್ಪಾಡು ಅವುಗಳಲ್ಲಿ ಬಂದಿರುವುದು. ಅಲ್ಲಿ ಎಣ್ಣೆಯನ್ನು ಬಿಡುವ ಪ್ರತಿಯೊಂದು ಕಾರ್ಯವೂ ಗಣಕದ ಆಜ್ಞೆಯಿಂದ ನಡೆಯುವುದು, ಒತ್ತಡವು ಸಾವಿರ ಬಾರನ್ನೂ ಮೀರಬಹುದು. ಅದರ ಕೊಳವೆಯನ್ನು ಸಡಿಲಿಸಿ ನೋಡುವುದು ಪ್ರಾಣಾಪಾಯಕ್ಕೆ ಎಡೆಮಾಡುವುದು. ಸೂಕ್ಷ್ಮವಾದ ಎಣ್ಣೆಯ ಚಿಲುಮೆಯು ಚರ್ಮವನ್ನು ಸೀಳಿ ಒಳಹೊಗುವುದು. ಬಲ್ಬಿನಿಂದಲೂ ನೇರ ತಂತಿಯಿಂದಲೂ ಅದನ್ನು ಪರೀಕ್ಷಿಸಲೇಕೂಡದು. ಬ್ಯಾಟರಿ, ಫ್ಯೂಸು, ಅರ್ತ್, ಇಲಿಯ ಹಲ್ಲು, ಇಷ್ಟನ್ನು ನೋಡಿ, ಉಳಿದುದನ್ನು ದೋಷಸಂಕೇತ ಓದುವ ಉಪಕರಣವುಳ್ಳವರಿಗೆ ಬಿಡತಕ್ಕದ್ದು.

ಹೊಸ ಸೊಲೆನಾಯ್ಡನ್ನು ಕೊಳ್ಳುವಾಗ ಹಳೆಯದರ ಮೇಲಿನ ಅಂಕಿಗಳನ್ನು ಬರೆದುಕೊಂಡು ಹೋಗಬೇಕು. 24 ವೋಲ್ಟಿನದು ನೋಡಲು ಹಾಗೆಯೇ ಇರುವುದು. ಬಿಚ್ಚುವ ಮುನ್ನ ಸುತ್ತಲಿನ ಧೂಳನ್ನು ಡೀಸೆಲಿನಲ್ಲಿ ಅದ್ದಿದ ಕುಂಚದಿಂದ ತೊಳೆಯಬೇಕು, ಏಕೆಂದರೆ ಒಂದು ಮರಳಿನ ಕಣವು ಒಳಬಿದ್ದರೂ ಪಂಪು ಕೆಡುವುದು. ಸ್ಪ್ರಿಂಗೂ ಕಡ್ಡಿಯೂ ಜಾರಿ ಬೀಳದಂತೆ ಕೈಯೊಡ್ಡಿ ತೆಗೆದು, ರಬ್ಬರಿನ ಉಂಗುರವನ್ನು ಹೊಸದಾಗಿ ಹಾಕಿ, ಅತಿಯಾಗಿ ಬಿಗಿಯದೆ ಕೂಡಿಸಿ, ಗಾಳಿಯನ್ನು ಬಿಡಬೇಕು. ಕೂಡುಗೆಯ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿ ತುಸು ಗ್ರೀಸನ್ನು ಸವರಿ ಜೋಡಿಸಿದ ಮೇಲೆ, ಇಂಜಿನ್ನನ್ನು ಅರ್ಧ ಗಂಟೆ ನಡೆಯಿಸಿ, ಬಿಸಿಯಾಗಿರುವಾಗಲೇ ಸೊಲೆನಾಯ್ಡಿನ ತಲೆಯಲ್ಲಿ ವೋಲ್ಟನ್ನು ಮತ್ತೊಮ್ಮೆ ಅಳೆದು, ಆ ಅಂಕಿಯನ್ನು ಯಂತ್ರದ ಪುಸ್ತಕದ ಅಂಚಿನಲ್ಲಿ ತಾರೀಖಿನೊಡನೆ ಬರೆದಿಡುವುದು.