ನನ್ನ ಮೊದಲ ಪ್ರೀತಿ ಸೋತದ್ದು ಒಂದು ನೋಟಿಸ್ ಬೋರ್ಡಿನ ಮುಂದೆ

ಕಳೆದ ತಿಂಗಳು ಅಕ್ಕನ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. ಯಾವ ಪೀಠಿಕೆಯೂ ಇಲ್ಲದೆ ಕೇಳಿದಳು: "ಚಿಗವ್ವ, ಮದುವಿಗಿಂತ ಮುಂಚೆ ನೀ ಯಾರನ್ನರ ಪ್ರೀತಿ ಮಾಡಿದ್ದೇನು?"

ಇಂಥ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಒಂದು ರೆಡಿ ಉತ್ತರ ಇರುತ್ತೆ: "ಸುಮ್ನ ಕೂಡ್ರು." ನಾನು ಹಾಗನ್ನಲಿಲ್ಲ. ಹೌದು ಅಂದೆ. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೂ ಹೇಳದೆ ಉಳಿದದ್ದನ್ನೂ ಇಲ್ಲಿ ಬರೀತಿದ್ದೀನಿ. ಯಾಕಂದ್ರೆ ಅವಳ ವಯಸ್ಸಿನ ಬಹಳ ಜನರಿಗೆ ಇದು ನೆನಪಿನ ವಿಷಯವಲ್ಲ, ಈ ವರ್ಷದ ಪ್ರಶ್ನೆ.

2009. ನಾನು ಧಾರವಾಡದಲ್ಲಿ ಎಂ.ಎ. ಮಾಡ್ತಿದ್ದೆ. ಅವನು ಒಂದು ವರ್ಷ ಸೀನಿಯರ್. ನಮ್ಮದು ಲಿಂಗಾಯತ ಮನೆ, ಅವನದು ದಲಿತ ಕುಟುಂಬ. ಲೈಬ್ರರಿ, ಕ್ಯಾಂಟೀನು, ಧಾರವಾಡದ ಮಳೆ, ಎರಡು ಜನಕ್ಕೆ ಒಂದು ಕೊಡೆ. ಎಲ್ಲರ ಮೊದಲ ಪ್ರೀತಿಯ ಹಾಗೇ ಇತ್ತು ಬಿಡಿ. ಬೇರೆಯಾಗಿದ್ದು ಅದು ಮುಗಿದ ರೀತಿ.

ಒಂದು ದಿನ ಧೈರ್ಯ ಮಾಡಿ ಇಬ್ಬರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಗುಮಾಸ್ತರು ಫಾರಂ ಕೊಡುತ್ತಾ ಹೇಳಿದರು: "ನಿಮ್ಮ ನೋಟಿಸ್ 30 ದಿನ ಬೋರ್ಡ್ ಮ್ಯಾಲ ಇರ್ತದ. ಒಂದು ಪ್ರತಿ ನಿಮ್ಮೂರಿನ ಕಚೇರಿಗೂ ಹೋಗ್ತದ." ನಮ್ಮೂರಿನ ಆ ಕಚೇರಿಯ ಎದುರಿಗೇ ಟೇಬಲ್ ಹಾಕಿಕೊಂಡು ಕೂರುವ ದಸ್ತಾವೇಜು ಬರಹಗಾರ ನನ್ನ ಸೋದರಮಾವ. ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೊರಗೆ ಬಂದೆವು. ಚಹಾ ಕುಡಿದೆವು. ಆ ಫಾರಂ ತುಂಬಲೇ ಇಲ್ಲ. ಎರಡು ವರ್ಷದ ಮೇಲೆ ಮನೆಯವರು ತೋರಿಸಿದವರನ್ನು ಮದುವೆಯಾದೆ.

ಬೋರ್ಡಿಗೆ ಯಾಕೆ ಹಚ್ಚುತ್ತಾರೆ?

ಗುಮಾಸ್ತರು ಹೇಳಿದ್ದು ಸುಳ್ಳಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಹಾಗೇ ಇದೆ. ಮದುವೆಯಾಗುವವರಲ್ಲಿ ಒಬ್ಬರಾದರೂ ಕನಿಷ್ಠ 30 ದಿನದಿಂದ ವಾಸವಿರುವ ಜಿಲ್ಲೆಯಲ್ಲಿ ನೋಟಿಸ್ ಕೊಡಬೇಕು. ಅಧಿಕಾರಿ ಅದನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಚ್ಚಬೇಕು. ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಅಲ್ಲಿಯ ಕಚೇರಿಯಲ್ಲೂ ಹಚ್ಚಬೇಕು. ಆ 30 ದಿನದಲ್ಲಿ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು.

ಆದರೆ ಯಾವ ಕಾರಣಕ್ಕೆ? ಇಲ್ಲೇ ನಮಗೆ ಗೊತ್ತಿಲ್ಲದ ಸಂಗತಿ ಇರೋದು. ವಯಸ್ಸು ಆಗಿಲ್ಲ (ಹುಡುಗಿಗೆ 18, ಹುಡುಗನಿಗೆ 21), ಈಗಾಗಲೇ ಮದುವೆಯಾಗಿ ಸಂಗಾತಿ ಬದುಕಿದ್ದಾರೆ, ನಿಷೇಧಿತ ರಕ್ತಸಂಬಂಧ ಇದೆ, ಒಪ್ಪಿಗೆ ಕೊಡುವ ಮಾನಸಿಕ ಸ್ಥಿತಿಯಲ್ಲಿಲ್ಲ: ಇಂಥ ಕಾನೂನಿನ ಷರತ್ತುಗಳ ಮೇಲೆ ಮಾತ್ರ. "ನಮ್ಮ ಜಾತಿಯವನಲ್ಲ", "ಅಪ್ಪನಿಗೆ ಇಷ್ಟ ಇಲ್ಲ" ಅನ್ನೋದು ಆಕ್ಷೇಪಣೆಯೇ ಅಲ್ಲ. ಸುಳ್ಳು ಆಕ್ಷೇಪಣೆ ಹಾಕಿದವರಿಗೆ 1000 ರೂಪಾಯಿವರೆಗೆ ದಂಡ ಹಾಕುವ ಅವಕಾಶವೂ ಇದೆ. ಅಂದರೆ ಕಾಗದದ ಮೇಲೆ ಮಾವನಿಗೆ ನನ್ನ ಮದುವೆ ನಿಲ್ಲಿಸುವ ಯಾವ ಅಧಿಕಾರವೂ ಇರಲಿಲ್ಲ. ಆದರೆ ಅವರಿಗೆ ಆಕ್ಷೇಪಣೆ ಬೇಕಾಗಿರಲಿಲ್ಲ, ಸುದ್ದಿ ಸಾಕಾಗಿತ್ತು. ಕಾನೂನು ಹಕ್ಕನ್ನು ಒಂದು ಕೈಯಲ್ಲಿ ಕೊಟ್ಟು, ಇನ್ನೊಂದು ಕೈಯಲ್ಲಿ ವಿಳಾಸವನ್ನು ಊರಿಗೆಲ್ಲ ಹಂಚಿತು.

ನಮಗೆ ಯಾರೂ ಹೇಳದ ಬಾಗಿಲು

ನನಗೆ ಹೆಚ್ಚು ಸಿಟ್ಟು ತರಿಸಿದ್ದು ಎಷ್ಟೋ ವರ್ಷದ ಮೇಲೆ ಗೊತ್ತಾದ ಇನ್ನೊಂದು ವಿಷಯ. ನಾವು ಆ ಕಾಯ್ದೆಯಡಿ ಮದುವೆಯಾಗಲೇಬೇಕು ಅಂತ ಇರಲೇ ಇಲ್ಲ. ದಾಖಲೆಯಲ್ಲಿ ಅವನ ಧರ್ಮ ಹಿಂದೂ. 1955ರ ಹಿಂದೂ ವಿವಾಹ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ ವೀರಶೈವ, ಲಿಂಗಾಯತ ಎಂಬ ಪದಗಳೇ ಇವೆ. ಆ ಕಾಯ್ದೆಗೆ ಜಾತಿ ಬೇರೆಯಾಗಿರೋದು ಅಡ್ಡಿಯಲ್ಲ. ಇಬ್ಬರಲ್ಲಿ ಒಬ್ಬರ ಕಡೆಯ ಪದ್ಧತಿಯಂತೆ ಮದುವೆ ನಡೆದರೆ ಸಾಕು, ಆಮೇಲೆ ನೋಂದಣಿ. ಮೊದಲೇ ಬೋರ್ಡಿಗೆ ಹಚ್ಚಿ 30 ದಿನ ಕಾಯುವ ಮಾತಿಲ್ಲ.

ಇಬ್ಬರ ಧರ್ಮ ಬೇರೆಯಾಗಿದ್ದು, ಯಾರೂ ಮತಾಂತರ ಆಗಲ್ಲ ಅನ್ನೋ ಹೆಚ್ಚಿನ ಜೋಡಿಗಳಿಗೆ ಮಾತ್ರ ಈ ಬಾಗಿಲೂ ಇಲ್ಲ. ಅವರು ಆ 30 ದಿನ ದಾಟಲೇಬೇಕು. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್, ಜೋಡಿ ಬರೆದು ಕೇಳಿಕೊಂಡರೆ ಮಾತ್ರ ನೋಟಿಸ್ ಪ್ರಕಟಿಸಿ ಅಂದಿತು. ಆದರೆ ಅದು ಉತ್ತರ ಪ್ರದೇಶದ ಹೈಕೋರ್ಟ್. ಕಾಯ್ದೆಯ ಅಕ್ಷರ ಬದಲಾಗಿಲ್ಲ.

ಬೆಳಗಾವಿಯಿಂದ ದೆಹಲಿಗೆ

ನನಗಿಂತ ಧೈರ್ಯವಂತೆ ಒಬ್ಬರಿದ್ದರು. ಬೆಳಗಾವಿ ಜಿಲ್ಲೆಯ ಉಪನ್ಯಾಸಕಿ. ಮನೆಯಲ್ಲಿ ಹೇಳದೆ ದೆಹಲಿಗೆ ಹೋಗಿ ತಾವು ಮೆಚ್ಚಿದವರನ್ನು ಮದುವೆಯಾದರು. ತಂದೆ ಕಾಣೆಯಾದ ದೂರು ಕೊಟ್ಟರು. ಮದುವೆಯಾಗಿದೆ ಅಂತ ಗೊತ್ತಾದ ಮೇಲೂ ತನಿಖಾಧಿಕಾರಿ "ಠಾಣೆಗೇ ಬಂದು ಹೇಳಿಕೆ ಕೊಡಿ" ಅಂತ ಪಟ್ಟು ಹಿಡಿದರು. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. 2021ರ ಫೆಬ್ರವರಿಯಲ್ಲಿ ಕೋರ್ಟ್ ಎಫ್ಐಆರ್ ರದ್ದು ಮಾಡಿತು. ಇಬ್ಬರು ವಯಸ್ಕರು ಒಪ್ಪಿದ ಮೇಲೆ ಕುಟುಂಬದ್ದಾಗಲಿ, ಕುಲದ್ದಾಗಲಿ ಒಪ್ಪಿಗೆ ಬೇಕಿಲ್ಲ ಅಂದಿತು. ಆ ತನಿಖಾಧಿಕಾರಿಗೇ ಕೌನ್ಸೆಲಿಂಗ್ ಬೇಕು ಅಂತಲೂ ಹೇಳಿತು. ತೀರ್ಪಿನಲ್ಲಿ ಅಂಬೇಡ್ಕರ್ ಅವರ 1936ರ 'ಜಾತಿ ವಿನಾಶ'ದ ಮಾತು ಬರುತ್ತದೆ: ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ.

ಇದಕ್ಕೂ ಮುಂಚೆ, 2018ರ ಶಕ್ತಿವಾಹಿನಿ ಪ್ರಕರಣದಲ್ಲಿ, ಬೆದರಿಕೆ ಇರುವ ಜೋಡಿಗಳಿಗಾಗಿ ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ ಮತ್ತು 24 ಗಂಟೆಯ ಸಹಾಯವಾಣಿ ಮಾಡಿ, ಸುರಕ್ಷಿತ ಮನೆಗಳ ವ್ಯವಸ್ಥೆ ನೋಡಿ ಅಂತ ಇದೇ ಕೋರ್ಟ್ ಹೇಳಿತ್ತು. ನಿಮ್ಮ ಜಿಲ್ಲೆಯಲ್ಲಿ ಅದು ಎಲ್ಲಿದೆ ಅಂತ ಎಸ್‌ಪಿ ಕಚೇರಿಗೆ ಹೋಗಿ ಕೇಳಿ. ಇಲ್ಲ ಅಂದರೆ ಅದೇ ಒಂದು ರಾಜಕೀಯ ಪ್ರಶ್ನೆ. ಚುನಾವಣೆಯಲ್ಲಿ ಕೇಳಬೇಕಾದದ್ದು.

ನಮ್ಮ ಮನೆಯ ನಡುಮನೆಯಲ್ಲಿ ಬಸವಣ್ಣನ ಫೋಟೋ ಇದೆ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು, ಅದಕ್ಕೆ ಬಿಜ್ಜಳ ಆ ಇಬ್ಬರು ತಂದೆಯರನ್ನೂ ಕೊಲ್ಲಿಸಿದ ಅಂತ ಅಪ್ಪ ನಮಗೆ ಹೇಳ್ತಿದ್ದರು. ಹೇಳುವಾಗ ಅವರ ಕಣ್ಣು ತುಂಬ್ತಿತ್ತು. ಅದೇ ಅಪ್ಪನಿಗೆ ನಾನು ಆ ಹುಡುಗನ ಹೆಸರು ಹೇಳಲಾಗಲಿಲ್ಲ. ಹನ್ನೆರಡನೇ ಶತಮಾನದ ಮದುವೆಗೆ ಅಳೋದು ಸುಲಭ.

ಮೊದಲ ಪ್ರೀತಿಯನ್ನೇ ಮದುವೆಯಾಗಿ ಅಂತ ನಾನು ಹೇಳ್ತಿಲ್ಲ. ನಮ್ಮದು ಮುಂದುವರಿದಿದ್ದರೆ ಆರು ತಿಂಗಳಲ್ಲಿ ಜಗಳವಾಡಿ ಮುರಿದು ಬೀಳುತ್ತಿತ್ತೇನೋ. ಆಗ ಮುರಿದವರು ನಾವಾಗಿರ್ತಿದ್ದೆವು. ನನ್ನ ಗಂಡ ಒಳ್ಳೆಯವರು, ಈ ಬರಹವನ್ನು ಮೊದಲು ಓದಿದವರೂ ಅವರೇ. ಆದರೆ ಮದುವೆಗೆ ನಾನು 'ಹೂಂ' ಅಂದಿರಲಿಲ್ಲ, 'ಒಲ್ಲೆ' ಅನ್ನಲಿಲ್ಲ ಅಷ್ಟೆ. ಇವೆರಡೂ ಒಂದೇ ಅಂತ ನಮ್ಮ ಸಮಾಜ ತಿಳಿದುಕೊಂಡಿದೆ.

ಅಕ್ಕನ ಮಗಳಿಗೆ ಕೊನೆಗೆ ಕೇಳಿದೆ: "ಹುಡುಗನ ಮನಿ ಕಡೆ ಏನಂತಾರ?" "ಅವರಿಗೆ ಗೊತ್ತಿಲ್ಲ. ನಮ್ಮ ಅವ್ವಗೂ ಗೊತ್ತಿಲ್ಲ," ಅಂದಳು.

"ನಿನಗ ಹೂಂ ಅನಿಸಿದ್ರ ಹೇಳು. ಮೂವರು ಸಾಕ್ಷಿ ಬೇಕಾಗ್ತಾರ. ಒಬ್ಬಾಕಿ ನಾನು," ಅಂದೆ.