ಇಂದ್ರನ ಶಂಕೆ

ರೂಢಮೂಲವಾದ ನಂಬಿಕೆಯನ್ನು ಶಂಕಿಸದೆ ಆತ್ಮಜ್ಞಾನವು ಲಭಿಸುವುದೇ ಎಂಬ ಪ್ರಶ್ನೆಗೆ ಛಾಂದೋಗ್ಯದ 8ನೆಯ ಅಧ್ಯಾಯವು ಕಥಾರೂಪದಿಂದ ಉತ್ತರವೀಯುತ್ತದೆ. ಪ್ರಜಾಪತಿಯಲ್ಲಿ 32 ವರ್ಷ ಬ್ರಹ್ಮಚರ್ಯದಿಂದಿದ್ದ ಇಂದ್ರ ವಿರೋಚನರಿರ್ವರೂ ನೀರಿನ ಪಾತ್ರೆಯಲ್ಲಿ ತಮ್ಮನ್ನು ನೋಡಿಕೊಂಡು ತೃಪ್ತರಾಗಿ ಹೊರಟರು. ಇಂದ್ರನು ಛಾಯೆಯನ್ನೂ ವಿರೋಚನನು ದೇಹವನ್ನೂ ಆತ್ಮವೆಂದು ಗ್ರಹಿಸಿದರೆಂಬುದು ಶಾಂಕರಭಾಷ್ಯದ ವಿವರಣೆ. ವಿರೋಚನನು ಅಸುರರಿಗೆ ಅದನ್ನೇ ಬೋಧಿಸಿದನು. ಇಂದ್ರನಾದರೋ ದೇವತೆಗಳನ್ನು ಸೇರುವ ಮೊದಲೇ, ದೇಹವು ಕುರುಡಾದರೆ ಈ ಆತ್ಮವೂ ಕುರುಡಾಗಬೇಕಷ್ಟೆ ಎಂದು ಶಂಕಿಸಿ ಸಮಿತ್ಪಾಣಿಯಾಗಿ ಹಿಂದಿರುಗಿದನು. ಸ್ವಪ್ನ, ಸುಷುಪ್ತಿಗಳ ಉಪದೇಶಗಳಲ್ಲಿಯೂ ದೋಷವನ್ನು ಕಂಡು ಮರಳಿ ಮರಳಿ ಬಂದ ಅವನ ಗುರುಕುಲವಾಸವು ಒಟ್ಟು 101 ವರ್ಷವಾಯಿತು. ಗುರುವು ಇಬ್ಬರಿಗೂ ಒಬ್ಬನೇ, ಮೊದಲು ಕೇಳಿದ ವಾಕ್ಯವೂ ಒಂದೇ. ಇದನ್ನು ನಾಸ್ತಿಕ್ಯವೆನ್ನುವವರು ಒಂದನ್ನು ಮರೆಯುತ್ತಾರೆ: ಇಂದ್ರನು ತಾನು ಮಾಡಿಕೊಂಡ ಅರ್ಥವನ್ನು ಶಂಕಿಸಿದನು, ಆ ಶಂಕೆಯನ್ನು ಹೊತ್ತು ಹೋದುದು ಅದೇ ಗುರುವಿನ ಬಳಿಗೆ.